ಹಿಂದಿನ ಅಚ್ಚಿನ ಡಿಫರೆನ್ಷಿಯಲ್: ಜೋಡಣೆಯೂ ದೋಷಪರೀಕ್ಷೆಯೂ

ಎತ್ತಿನ ಗಾಡಿಯನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅದರ ಎರಡು ಗಾಲಿಗಳೂ ಒಂದೇ ಅಚ್ಚಿನ ಎರಡು ತುದಿಗಳಲ್ಲಿದ್ದರೂ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಅಚ್ಚು ನಿಂತೇ ಇರುವುದು, ಗಾಲಿಗಳು ಮಾತ್ರ ತಮ್ಮ ಪಾಡಿಗೆ ತಾವು ಉರುಳುವುವು. ತಿರುವಿನಲ್ಲಿ ಹೊರಮಗ್ಗುಲಿನ ಗಾಲಿ ಹೆಚ್ಚು ಸುತ್ತು ಸುತ್ತಿದರೂ ಒಳಮಗ್ಗುಲಿನದು ಕಡಿಮೆ ಸುತ್ತಿದರೂ ಗಾಡಿಗೆ ಬಾಧಕವಿಲ್ಲ. ಎಳೆಯುವುದು ಎತ್ತುಗಳ ಕೆಲಸವೇ ಹೊರತು ಗಾಲಿಯದಲ್ಲ. ಮೋಟಾರು ಕಾರಿನ ಸ್ಥಿತಿ ಹೀಗಲ್ಲ. ಅಲ್ಲಿ ಗಾಲಿಯೇ ನೆಲವನ್ನು ಒದ್ದು ಗಾಡಿಯನ್ನು ಮುಂದೆ ನೂಕಬೇಕು. ಎರಡು ಹಿಂದಿನ ಗಾಲಿಗಳಿಗೂ ಬಲ ಸಲ್ಲಬೇಕು, ಆದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕೆಂಬ ನಿರ್ಬಂಧವೂ ಇರಕೂಡದು. ಈ ಎರಡು ಬೇಡಿಕೆಗಳನ್ನೂ ಒಟ್ಟಿಗೆ ಸಲ್ಲಿಸುವ ಯಂತ್ರಕ್ಕೆ ಡಿಫರೆನ್ಷಿಯಲ್ ಎಂದು ಹೆಸರು.

ಇದರ ಅಗತ್ಯವನ್ನು ಅರಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಕಾರಿನ ಹಿಂದಿನ ಎರಡು ಗಾಲಿಗಳ ನಡುವಣ ಅಂತರ ಸುಮಾರು ೧.೩೫ ಮೀಟರು ಎಂದಿಟ್ಟುಕೊಳ್ಳೋಣ. ಗಾಡಿ ಅರ್ಧ ವೃತ್ತ ತಿರುಗಿದಾಗ ಹೊರಗಾಲಿಯು ಒಳಗಾಲಿಗಿಂತ ಈ ಅಂತರದ ೩.೧೪ರಷ್ಟು, ಎಂದರೆ ಸುಮಾರು ೪.೨ ಮೀಟರು ಹೆಚ್ಚು ದೂರ ಹೋಗಬೇಕಾಗುವುದು. ತಿರುವು ಅಗಲವಾಗಿರಲಿ ಇಕ್ಕಟ್ಟಾಗಿರಲಿ, ಈ ಲೆಕ್ಕ ಬದಲಾಗದೆಂಬುದು ವಿನೋದದ ಸಂಗತಿ. ಗಾಲಿಯ ಸುತ್ತಳತೆ ಎರಡು ಮೀಟರಾದರೆ, ಪ್ರತಿಯೊಂದು ತಿರುವಿನಲ್ಲಿಯೂ ಹೊರಗಾಲಿಗೆ ಎರಡು ಸುತ್ತು ಹೆಚ್ಚು. ಎರಡೂ ಗಾಲಿಗಳನ್ನು ಒಂದೇ ಸಲಾಕೆಗೆ ಬಿಗಿದಿದ್ದರೆ ಟೈರು ಉಜ್ಜಿಹೋಗಬೇಕು, ಇಲ್ಲವೆ ಸಲಾಕೆ ಮುರಿಯಬೇಕು.

ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತನು ೧೮೨೭ರಲ್ಲಿ, ಉಗಿಯ ಗಾಡಿಗಳ ಕಾಲದಲ್ಲಿಯೇ, ಈ ಯುಕ್ತಿಗೆ ಹಕ್ಕುಪತ್ರ ಪಡೆದನು. ತತ್ವ ಅಂದಿನಿಂದ ಬದಲಾಗಿಲ್ಲ. ಎಂಜಿನಿನಿಂದ ಬರುವ ಉದ್ದನೆಯ ಪ್ರೊಪೆಲ್ಲರ್ ಷಾಫ್ಟು ಒಂದು ಸಣ್ಣ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಇದು ಪಿನಿಯನ್. ಪಿನಿಯನ್ನು ಕ್ರೌನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಗೂಡಿನೊಳಗೆ ನಾಲ್ಕಾರು ಪುಟ್ಟ ಹಲ್ಲುಚಕ್ರಗಳಿದ್ದು, ಅವು ಎರಡು ಕಡೆಯ ಆಕ್ಸಲ್ ಷಾಫ್ಟುಗಳಿಗೆ ಬಲವನ್ನು ಹಂಚುತ್ತವೆ. ನೇರ ದಾರಿಯಲ್ಲಿ ಈ ಪುಟ್ಟ ಚಕ್ರಗಳು ತಮ್ಮ ಜಾಗದಲ್ಲಿ ಸುಮ್ಮನಿದ್ದು ಗೂಡಿನ ಜೊತೆಯಲ್ಲಿ ಸುತ್ತುತ್ತವೆ. ತಿರುವು ಬಂದಾಗ ಮಾತ್ರ ತಾವೂ ಹೊರಳಿ, ಒಂದು ಕಡೆ ಕಳೆದುದನ್ನು ಇನ್ನೊಂದು ಕಡೆಗೆ ಕೂಡಿಸುತ್ತವೆ. ಈ ಗೂಡಿನ ಒಳಗಿನ ಭಾಗ ಕೆಡುವುದು ಅಪರೂಪ. ಬಹುಪಾಲು ತಂಟೆಯೆಲ್ಲ ಕ್ರೌನಿಗೂ ಪಿನಿಯನ್ನಿಗೂ ಇರುವ ಸಂಬಂಧದಲ್ಲಿ. ಆದುದರಿಂದ ಈ ಲೇಖನದಲ್ಲಿ ಆ ಎರಡರ ವಿಚಾರವನ್ನೇ ಹೆಚ್ಚಾಗಿ ಬರೆಯುತ್ತೇನೆ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಎಣ್ಣೆ ಮಸಿಯ ವಿಷಯವೇಕೆಂದು ಗುರುಗಳು ಕೇಳಬಹುದು. ಭದ್ರಾವತಿಯಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಒಂದು ಅಂಬಾಸಿಡರ್ ಕಾರಿದೆ. ಮದುವೆ ಮುಂಜಿಗಳಿಗೂ ಸಿಗಂದೂರು, ಶೃಂಗೇರಿಗಳ ಯಾತ್ರೆಗೂ ಅದನ್ನು ಬಾಡಿಗೆಗೆ ಓಡಿಸಿ ದೊಡ್ಡಪ್ಪನವರ ಮಗ ಜೀವನ ಮಾಡುತ್ತಾನೆ. ಅದರ ಹಿಂದಿನ ಅಚ್ಚಿನಲ್ಲಿ ಸದ್ದು ಬಂದಾಗ ಒಂದು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿಕೊಟ್ಟರು. ಎರಡು ತಿಂಗಳಲ್ಲಿ ಸದ್ದು ಮೊದಲಿಗಿಂತ ಹೆಚ್ಚಾಯಿತು. ಬಿಚ್ಚಿ ನೋಡಿದರೆ, ಹಳೆಯ ಕ್ರೌನಿಗೆ ಬೇರೆಲ್ಲಿಂದಲೋ ತಂದ ಪಿನಿಯನ್ ಕೂಡಿಸಿದ್ದರು. ಎರಡರ ಹಲ್ಲುಗಳೂ ತಿಂದುಹೋಗಿದ್ದವು. ಹಿಂದೂಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾಡಾದಲ್ಲಿ ಈ ಕಾರಿನ ತಯಾರಿಕೆಯನ್ನು ೨೦೧೪ರಲ್ಲಿ ನಿಲ್ಲಿಸಿದ ಮೇಲೆ ಬಿಡಿಭಾಗಗಳನ್ನು ಹುಡುಕಿ ತರಬೇಕು. ಒಂದು ಹೊಸ ಜೋಡಿ ಹೇಗೋ ದೊರೆಯಿತು. ಅದೂ ಕೆಟ್ಟರೆ ಇನ್ನೊಂದಕ್ಕೆ ಹಣವೂ ಇಲ್ಲ, ಸಿಗುವ ಭರವಸೆಯೂ ಇಲ್ಲ. ಹೀಗಿರಲು, ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ದೊಡ್ಡಪ್ಪನವರು, "ಈ ಸಲ ನಾವೇ ಮಾಡೋಣ, ನೀನು ಬಂದು ಕೈಗೆ ಪಾನಾ ಕೊಡು" ಎಂದರು. ದಸರಾ ರಜೆಯನ್ನು ಹೀಗೆ ಕಳೆದೆನು.

ಮೊದಲು ಆ ಹಲ್ಲಿನ ಸ್ವರೂಪವನ್ನು ತಿಳಿಯಬೇಕು. ಅಂಬಾಸಿಡರಿನ ಪಿನಿಯನ್ನು ಕ್ರೌನಿನ ನಡುಗೆರೆಗೆ ನೇರವಾಗಿರದೆ ಸ್ವಲ್ಪ ಕೆಳಗೆ ಕೂರುತ್ತದೆ. ಹಲ್ಲುಗಳೂ ನೆಟ್ಟಗಿರದೆ ಬಾಗಿರುತ್ತವೆ. ಈ ಮಾದರಿಗೆ ಹೈಪಾಯ್ಡ್ ಎನ್ನುವರು. ಅಮೆರಿಕದ ಗ್ಲೀಸನ್ ಕಾರ್ಖಾನೆಯವರು ೧೯೨೦ರ ದಶಕದಲ್ಲಿ ಇದನ್ನು ರೂಪಿಸಿದರು. ಇದರಿಂದ ಪ್ರೊಪೆಲ್ಲರ್ ಷಾಫ್ಟು ತಗ್ಗಾಗಿ, ಕಾರಿನೊಳಗಣ ನೆಲವೂ ತಗ್ಗಿತು. ಹಲ್ಲುಗಳು ಮೆಲ್ಲನೆ ಒಂದರ ಮೇಲೊಂದು ಜಾರಿ ಕೂಡುವುದರಿಂದ ಸದ್ದೂ ಕಡಿಮೆಯಾಯಿತು. ಆದರೆ ಜಾರುವಿಕೆ ಹೆಚ್ಚಾದಷ್ಟೂ ಉಜ್ಜುವಿಕೆಯೂ ಹೆಚ್ಚು. ಮಾಮೂಲು ಗೇರೆಣ್ಣೆಯ ಪೊರೆ ಅಲ್ಲಿ ಹರಿದುಹೋಗುವುದು. ಗಂಧಕದ ವಾಸನೆ ಬರುವ, ಹೈಪಾಯ್ಡ್ ಗೇರುಗಳಿಗೆಂದೇ ಮಾಡಿದ ೯೦ನೆಯ ನಂಬರಿನ ಇ.ಪಿ. ಎಣ್ಣೆಯನ್ನೇ ಹಾಕಬೇಕೆಂಬುದಕ್ಕೆ ಇದೇ ಕಾರಣ.

ಹಲ್ಲಿನ ಲೋಹದ ವಿಚಾರವೂ ಸ್ವಾರಸ್ಯವಾದುದು. ೧೯೧೮ರಲ್ಲಿ ಮೈಸೂರು ಸಂಸ್ಥಾನದವರು ಕೈಗೊಂಡು, ೧೯೨೩ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಇಳಿಸಿದ ಭದ್ರಾವತಿಯ ಕಾರ್ಖಾನೆ, ಮುಂದೆ ಮಿಶ್ರ ಉಕ್ಕುಗಳಿಗೆ ಹೆಸರಾಯಿತೆಂಬುದು ಇಲ್ಲಿನವರಿಗೆ ಗೊತ್ತು. ಕ್ರೌನ್ ಪಿನಿಯನ್ನುಗಳನ್ನು ಮಾಡುವುದು ಅಂತಹ ಮಿಶ್ರ ಉಕ್ಕಿನಿಂದಲೇ. ಇಂಗಾಲದ ಅಂಶ ಕಡಿಮೆಯಿರುವ ಉಕ್ಕಿನಲ್ಲಿ ಹಲ್ಲು ಕೊರೆದು, ಅನಂತರ ಅದನ್ನು ಇಂಗಾಲದ ನಡುವೆ ಕಾಯಿಸಿದರೆ ಮೇಲಿನ ತೊಗಲು ಮಾತ್ರ ಇಂಗಾಲವನ್ನು ಹೀರಿಕೊಳ್ಳುವುದು. ಬಳಿಕ ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದಾಗ ಹೊರಗೆ ಗಾಜಿನಂತಹ ಗಡುಸು, ಒಳಗೆ ಪೆಟ್ಟು ತಾಳುವ ಜಿಗುಟು. ಈ ಗಟ್ಟಿ ತೊಗಲು ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಅದು ಸವೆದ ಮೇಲೆ ಅರ ಹಾಕಿ ಉಜ್ಜಿ ಸರಿಪಡಿಸುವುದೆಂಬ ಮಾತೇ ಇಲ್ಲ.

ಹದಗೊಳಿಸುವಾಗ ಪ್ರತಿಯೊಂದು ಚಕ್ರವೂ ಕೂದಲೆಳೆಯಷ್ಟು ಸೊಟ್ಟಗಾಗುವುದು. ಆದುದರಿಂದಲೇ ಕಾರ್ಖಾನೆಯಲ್ಲಿ ಒಂದು ಕ್ರೌನನ್ನೂ ಒಂದು ಪಿನಿಯನ್ನನ್ನೂ ಕೂಡಿಸಿ, ಮಸೆದು, ಎರಡರ ಮೇಲೂ ಒಂದೇ ಜೋಡಿಸಂಖ್ಯೆ ಕೆತ್ತುತ್ತಾರೆ. ಅಂದಿನಿಂದ ಅವು ಗಂಡಹೆಂಡಿರಿದ್ದಂತೆ. ಒಂದು ಕೆಟ್ಟರೆ ಎರಡನ್ನೂ ಬದಲಿಸತಕ್ಕದ್ದು. ಹಲ್ಲಿನ ಎಣಿಕೆ ಸರಿಹೊಂದಿತೆಂದು ಬೇರೆ ಪಿನಿಯನ್ ಹಾಕಿದ್ದರಿಂದಲೇ ನಮ್ಮ ಹಳೆಯ ಕ್ರೌನು ಹಾಳಾದುದು. ನಮ್ಮ ಹೊಸ ಜೋಡಿಯಲ್ಲಿ ಕ್ರೌನಿಗೆ ೪೧ ಹಲ್ಲು, ಪಿನಿಯನ್ನಿಗೆ ೯. ಭಾಗಿಸಿದರೆ ೪.೫೫, ಪಿನಿಯನ್ನು ನಾಲ್ಕೂವರೆ ಸುತ್ತಿಗಿಂತ ತುಸು ಹೆಚ್ಚು ಸುತ್ತಿದಾಗ ಗಾಲಿ ಒಂದು ಸುತ್ತು ಬರುವುದು. ೪೧ಕ್ಕೂ ೯ಕ್ಕೂ ಸಾಮಾನ್ಯ ಅಪವರ್ತನವಿಲ್ಲವಾದುದರಿಂದ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸಂಧಿಸುತ್ತದೆ, ಸವೆತ ಎಲ್ಲ ಕಡೆಯೂ ಸಮನಾಗುತ್ತದೆ. ಇದು ಬೇಕೆಂದೇ ಮಾಡಿದ ಲೆಕ್ಕ.

ಬಿಚ್ಚುವ ಕೆಲಸದಲ್ಲಿ ಬರೆಯತಕ್ಕದ್ದು ಹೆಚ್ಚಿಲ್ಲ. ಗಾಡಿಯನ್ನು ಜಾಕಿನ ಮೇಲೆ ಬಿಟ್ಟು ಅಡಿಯಲ್ಲಿ ನುಸುಳಬಾರದು. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಗಾಡಿಯನ್ನು ಒಮ್ಮೆ ಅಲುಗಿಸಿ ನೋಡಿ, ಆಮೇಲೆ ಒಳಗೆ ಹೋಗತಕ್ಕದ್ದು. ಎಣ್ಣೆ ಇಳಿಸಿ, ಆಕ್ಸಲ್ ಷಾಫ್ಟುಗಳನ್ನು ಹೊರಕ್ಕೆಳೆದು, ಪ್ರೊಪೆಲ್ಲರ್ ಷಾಫ್ಟನ್ನು ಕಳಚಿದರೆ, ಅಚ್ಚಿನ ನಡುವಣ ಗುಂಡನೆಯ ಹೊಟ್ಟೆಯ ಮುಂಭಾಗದಿಂದ ಇಡೀ ಡಿಫರೆನ್ಷಿಯಲ್ಲನ್ನು ಒಂದೇ ಗಂಟಾಗಿ ತೆಗೆಯಬಹುದು. ಭಾರವಾಗಿದೆ, ಇಬ್ಬರು ಬೇಕು. ಪಕ್ಕದ ಬೇರಿಂಗುಗಳನ್ನು ಹಿಡಿದಿರುವ ಎರಡು ಕ್ಯಾಪುಗಳಿಗೆ ಬಿಚ್ಚುವ ಮೊದಲೇ ಪಂಚಿನಿಂದ ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಹೊಡೆಯಬೇಕು. ಎಡದ್ದು ಬಲಕ್ಕೆ ಹೋದರೆ ಬೇರಿಂಗು ದುಂಡಗೆ ಕೂರುವುದಿಲ್ಲ. ಒಳಗಿನ ವಾಷರು, ಷಿಮ್ಮುಗಳನ್ನೆಲ್ಲ ಬೇರೆ ಬೇರೆ ಕಾಗದದಲ್ಲಿ ಕಟ್ಟಿ, ಎಲ್ಲಿಂದ ತೆಗೆದುದೆಂದು ಬರೆದಿಡಬೇಕು. ಸೀಮೆ ಎಣ್ಣೆಯಲ್ಲಿ ತೊಳೆದ ಬೇರಿಂಗನ್ನು ಬರಿಗೈಯಲ್ಲಿ ಮುಟ್ಟಿ ಹಾಗೆಯೇ ಬಿಟ್ಟರೆ ಮಲೆನಾಡಿನ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಬೆರಳಚ್ಚು ಮೂಡುವುದು; ಕೂಡಲೇ ಎಣ್ಣೆ ಸವರಿಡಬೇಕು.

ಇನ್ನು ಮುಖ್ಯ ವಿಷಯ. ಜೋಡಿಸುವವನು ನಾಲ್ಕು ಅಳತೆಗಳನ್ನು ಸಾಧಿಸಬೇಕು: ಪಿನಿಯನ್ನು ಕ್ರೌನಿನ ಕಡೆಗೆ ಎಷ್ಟು ಒಳಗೆ ಕೂತಿದೆ ಎಂಬ ಆಳ, ಪಿನಿಯನ್ನಿನ ಬೇರಿಂಗುಗಳಿಗೆ ಕೊಟ್ಟ ಬಿಗಿ, ಪಕ್ಕದ ಬೇರಿಂಗುಗಳಿಗೆ ಕೊಟ್ಟ ಬಿಗಿ, ಎರಡು ಚಕ್ರಗಳ ಹಲ್ಲುಗಳ ನಡುವೆ ಬಿಟ್ಟ ಸಡಿಲ, ಎಂದರೆ ಬ್ಯಾಕ್‌ಲ್ಯಾಷ್. ಇವುಗಳಲ್ಲಿ ಕೊನೆಯದು ಮಾತ್ರ ಕೈಗೆ ಸುಲಭವಾಗಿ ತಿಳಿಯುವುದು. ಕ್ರೌನನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಟಿಕ್ ಟಿಕ್ ಎನ್ನುವುದು. ಅದೇ ಕಾರಣದಿಂದ ಎಲ್ಲರೂ ಅದರ ಬೆನ್ನು ಹತ್ತುವರು. ನಾವೂ ಹಾಗೆಯೇ ಮೋಸಹೋದೆವು.

ಮೊದಲ ಸಲದ ಜೋಡಣೆಯಲ್ಲಿ ಪಿನಿಯನ್ನಿನ ತಲೆಗೂ ಅದರ ಬೇರಿಂಗಿಗೂ ನಡುವೆ ಇರುವ ದಪ್ಪ ವಾಷರನ್ನು, ಹಳೆಯದನ್ನೇ, ತೊಳೆದು ಹಾಕಿದೆವು. ಬೇರಿಂಗುಗಳನ್ನು ಹೊಸದಾಗಿ ಕೂರಿಸಿ, ಡಯಲ್ ಗೇಜನ್ನು ಕ್ರೌನಿನ ಹಲ್ಲಿಗೆ ಆನಿಸಿ ಬ್ಯಾಕ್‌ಲ್ಯಾಷನ್ನು ನೋಡಿದೆವು. ಈ ಬಗೆಯ ಕಾರುಗಳಿಗೆ ಸಾಮಾನ್ಯವಾಗಿ ಅಂಗುಲದ ಸಾವಿರದಲ್ಲಿ ಐದರಿಂದ ಎಂಟು ಭಾಗ ಸಡಿಲವಿರಬೇಕು. ಫಿಟ್ಟರುಗಳ ಭಾಷೆಯಲ್ಲಿ ಐದರಿಂದ ಎಂಟು ಥೌ, ಮಿಲಿಮೀಟರಿನಲ್ಲಿ ೦.೧೩ರಿಂದ ೦.೨೦. ಜೋಡಿಯ ಮೇಲೆಯೇ ಅಂಕೆ ಕೆತ್ತಿದ್ದರೆ ಅದೇ ಪ್ರಮಾಣ. ನಮ್ಮದು ಏಳು ಥೌ ಬಂದಿತು. ಕ್ರೌನಿನ ಸುತ್ತ ನಾಲ್ಕು ಕಡೆ ನೋಡಿದರೂ ಒಂದೂವರೆ ಥೌವಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ನನಗಂತೂ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಷ್ಟು ಸಂತೋಷ. ಗಾಡಿಯನ್ನು ಬಿ.ಎಚ್. ರಸ್ತೆಗೆ ತಂದು ಶಿವಮೊಗ್ಗದ ಕಡೆಗೆ ಹೊರಟರೆ, ಗಂಟೆಗೆ ೪೫ ಕಿಲೋಮೀಟರು ದಾಟುತ್ತಲೇ ಹಿಂದಿನಿಂದ ಕೀರಲು ರಾಗ ಆರಂಭವಾಯಿತು. ಆಕ್ಸಿಲರೇಟರ್ ಒತ್ತಿದರೆ ಹೆಚ್ಚುವುದು, ಕಾಲು ತೆಗೆದರೆ ತಗ್ಗುವುದು. ದೊಡ್ಡಪ್ಪನವರು ಮಾತಾಡಲಿಲ್ಲ. ಅರ್ಧ ದಾರಿಯಿಂದಲೇ ಹಿಂದಿರುಗಿದೆವು.

ದೊಡ್ಡಪ್ಪನ ಮಗ, "ಸಡಿಲ ಇನ್ನೂ ಎರಡು ಥೌ ಕಮ್ಮಿ ಮಾಡೋಣ ಅಪ್ಪಾ, ಸದ್ದು ನಿಲ್ಲಬಹುದು" ಎಂದನು. ಇಲ್ಲಿಯೇ ಬಹಳ ಜೋಡಿಗಳು ಹಾಳಾಗುವುದು. "ಸಡಿಲ ಸರಿಯಾಗೇ ಇದೆ. ಹಲ್ಲು ಎಲ್ಲಿ ತಾಗುತ್ತಿದೆ ಅಂತ ನೋಡಿದ್ದೇವಾ?" ಎಂದು ದೊಡ್ಡಪ್ಪನವರು ಮತ್ತೆ ಎಲ್ಲವನ್ನೂ ಇಳಿಸಿದರು. ಕ್ರೌನು ಪಕ್ಕಕ್ಕೆ ಸರಿದರೂ ಸಡಿಲ ಬದಲಾಗುವುದು, ಪಿನಿಯನ್ನು ಒಳಕ್ಕೆ ಸರಿದರೂ ಬದಲಾಗುವುದು. ಪಿನಿಯನ್ನು ತಪ್ಪು ಜಾಗದಲ್ಲಿದ್ದಾಗಲೂ ಕ್ರೌನನ್ನು ಅತ್ತಿತ್ತ ಸರಿಸಿ ಏಳು ಥೌ ಸಾಧಿಸಬಹುದು. ಗೇಜಿನ ಅಂಕೆ ಸರಿಯಿದ್ದು ಜೋಡಣೆ ತಪ್ಪಾಗಿರಲು ಸಾಧ್ಯವೆಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ.

ಇದನ್ನು ಹೇಳಬಲ್ಲುದು ಬಣ್ಣವೊಂದೇ. ವರ್ಕ್‌ಷಾಪುಗಳಲ್ಲಿ ಪ್ರಷನ್ ಬ್ಲೂ ಬಳಸುವರು. ನಾವು ಚಿತ್ರ ಬರೆಯುವ ಎಣ್ಣೆಬಣ್ಣದ ಹಳದಿ ಟ್ಯೂಬನ್ನು ಬಳಸಿದೆವು. ಉಕ್ಕಿನ ಮೇಲೆ ಅದು ಇನ್ನೂ ಚೆನ್ನಾಗಿ ಕಾಣುವುದು. ಕ್ರೌನಿನ ಎಂಟು ಹತ್ತು ಹಲ್ಲುಗಳ ಎರಡು ಮಗ್ಗುಲಿಗೂ ತೆಳ್ಳಗೆ ಸವರಿ, ಒಬ್ಬರು ಮರದ ತುಂಡಿನಿಂದ ಕ್ರೌನನ್ನು ಒತ್ತಿ ತಡೆಹಿಡಿಯುತ್ತಿರಲು, ಇನ್ನೊಬ್ಬರು ಪಿನಿಯನ್ನನ್ನು ಎರಡು ದಿಕ್ಕಿಗೂ ತಿರುಗಿಸಬೇಕು. ಹೀಗೆ ಭಾರ ಕೊಡದೆ ಸುಮ್ಮನೆ ತಿರುಗಿಸಿದರೆ ಗುರುತು ಸರಿಯಾಗಿ ಮೂಡದು. ಪಿನಿಯನ್ನಿನ ಹಲ್ಲು ತಾಗಿದೆಡೆಯಲ್ಲಿ ಬಣ್ಣ ಒರಸಿಹೋಗಿ ಅಕ್ಕಿಕಾಳಿನಾಕಾರದ ಮಚ್ಚೆ ಕಾಣುವುದು. ಕ್ರೌನಿನ ಹಲ್ಲಿನ ಉಬ್ಬಿದ ಮಗ್ಗುಲು ಗಾಡಿ ಮುಂದೆ ಎಳೆಯುವಾಗ ಕೆಲಸ ಮಾಡುವುದು; ತಗ್ಗಿದ ಮಗ್ಗುಲು ಇಳಿಜಾರಿನಲ್ಲಿ ಎಂಜಿನು ಗಾಡಿಯನ್ನು ಹಿಡಿದಿಡುವಾಗ.

ಆ ಮಚ್ಚೆಯನ್ನು ಓದುವ ಬಗೆ ಹೀಗೆ. ಮಚ್ಚೆಯು ಹಲ್ಲಿನ ತಲೆಯ ಅಂಚಿಗೆ ಏರಿದ್ದರೆ ಪಿನಿಯನ್ನು ಕ್ರೌನಿನಿಂದ ದೂರ ಉಳಿದಿದೆ, ಒಳಗೆ ತರಬೇಕು. ಹಲ್ಲಿನ ಬುಡಕ್ಕೆ ಇಳಿದಿದ್ದರೆ ಹೆಚ್ಚು ಒಳಗೆ ಹೋಗಿದೆ, ಹಿಂದೆಗೆಯಬೇಕು. ಎತ್ತರ ಸರಿಯಿದ್ದು, ಎರಡು ಮಗ್ಗುಲಿನ ಮಚ್ಚೆಗಳೂ ಚಕ್ರದ ಒಳತುದಿಯ ಕಡೆಗೆ ಸರಿದಿದ್ದರೆ ಸಡಿಲ ಕಡಿಮೆ. ಎರಡೂ ಹೊರತುದಿಯ ಕಡೆಗಿದ್ದರೆ ಸಡಿಲ ಹೆಚ್ಚು. ಒಂದು ಮಗ್ಗುಲಿನದು ಒಳತುದಿಗೂ ಇನ್ನೊಂದರದು ಹೊರತುದಿಗೂ ಹೋಗಿದ್ದರೆ ಸಡಿಲವನ್ನು ಮುಟ್ಟದೆ ಪಿನಿಯನ್ನಿನ ಆಳವನ್ನೇ ನೋಡಬೇಕು. ಈ ಕೊನೆಯ ಸೂಚನೆ ಬಹಳ ಬೆಲೆಯುಳ್ಳದ್ದು. ಸರಿಯಾದ ಮಚ್ಚೆ ತಲೆಗೂ ಬುಡಕ್ಕೂ ನಡುವೆ, ಉದ್ದದಲ್ಲಿ ನಟ್ಟನಡುವಿಗಿಂತ ತುಸು ಒಳತುದಿಗೆ ಇರುವುದು. ಭಾರ ಬಿದ್ದಾಗ ಲೋಹ ಬಾಗಿ ಅದು ಹೊರಕ್ಕೆ ಸರಿಯುವುದಾದ್ದರಿಂದ ಈ ಒಳವಾಲು ಬೇಕು.

ನಮ್ಮ ಮಚ್ಚೆ ತಲೆಯ ಅಂಚಿನಲ್ಲಿ ತೆಳ್ಳನೆಯ ಗೆರೆಯಂತಿತ್ತು. ಉಬ್ಬು ಮಗ್ಗುಲಿನದು ಹೊರತುದಿಗೆ, ತಗ್ಗು ಮಗ್ಗುಲಿನದು ಒಳತುದಿಗೆ. ಆಗ ದೊಡ್ಡಪ್ಪನವರು ಭೂತಗನ್ನಡಿ ಹಿಡಿದು ಪಿನಿಯನ್ನಿನ ತಲೆಯನ್ನು ನೋಡಿದರು. ಹೊಸದರ ಮೇಲೆ ಋಣ ಮೂರು ಎಂದು ಕೆತ್ತಿದೆ. ಬಿಸಾಡಲೆಂದು ಮೂಲೆಗಿಟ್ಟಿದ್ದ ಹಳೆಯದರ ಮೇಲೆ ಧನ ಎರಡು. ಕಾರ್ಖಾನೆಯಲ್ಲಿ ಈ ಪಿನಿಯನ್ನು ಸದ್ದಿಲ್ಲದೆ ಓಡಿದ ಜಾಗ ಗೊತ್ತುಮಾಡಿದ ಅಳತೆಗಿಂತ ಎಷ್ಟು ಥೌ ಹೆಚ್ಚು ಕಡಿಮೆ ಎಂಬುದೇ ಈ ಅಂಕೆ. ಧನವಿದ್ದರೆ ಕ್ರೌನಿನ ನಡುವಿನಿಂದ ದೂರ, ಋಣವಿದ್ದರೆ ಹತ್ತಿರ. ತಲೆಯ ಹಿಂದಣ ವಾಷರು ದಪ್ಪವಾದಷ್ಟೂ ಪಿನಿಯನ್ನು ಒಳಗೆ ಹೋಗುವುದು. ಧನ ಎರಡರಿಂದ ಋಣ ಮೂರಕ್ಕೆ ಬಂದರೆ ಐದು ಥೌ ದಪ್ಪ ಹೆಚ್ಚಬೇಕು. ಜೋಡಿಸಂಖ್ಯೆಯನ್ನು ಮಾತ್ರ ನೋಡಿ, ಪಕ್ಕದಲ್ಲಿಯೇ ಇದ್ದ ಈ ಪುಟ್ಟ ಅಂಕೆಯನ್ನು ನಾನು ಓದದೆ ಬಿಟ್ಟಿದ್ದೆನು. ತೊಳೆದು ಒರೆಸುವ ಕೆಲಸ ನನ್ನದೇ ಆಗಿದ್ದುದರಿಂದ ತಪ್ಪೂ ನನ್ನದೇ.

ಆದರೆ ಹಳೆಯ ವಾಷರು ಹಳೆಯ ಪಿನಿಯನ್ನಿಗಾದರೂ ಸರಿಯಾಗಿತ್ತೆಂದು ನಂಬುವುದು ಹೇಗೆ? ಅದು ಗ್ಯಾರೇಜಿನವರು ಕೈಗೆ ಬಂದುದನ್ನು ಹಾಕಿದ್ದಿರಬಹುದು. ಆದ್ದರಿಂದ ಲೆಕ್ಕವನ್ನು ಆರಂಭಕ್ಕೆ ಮಾತ್ರ ಹಿಡಿದು, ತೀರ್ಮಾನವನ್ನು ಬಣ್ಣಕ್ಕೆ ಬಿಟ್ಟೆವು. ವಾಷರು ಬದಲಿಸಿದಾಗಲೆಲ್ಲ ಬಿಗಿಯಾಗಿ ಕೂತ ಬೇರಿಂಗನ್ನು ಪುಲ್ಲರಿನಿಂದ ಎಳೆಯಬೇಕಾಗುವುದು. ಎರಡು ಮೂರು ಸಲ ಎಳೆದರೆ ಹೊಸ ಬೇರಿಂಗೇ ಕೆಡುವುದು. ಇದಕ್ಕೆ ದೊಡ್ಡಪ್ಪನವರು ಮಾಡಿದ ಉಪಾಯ ಬಲು ಸೊಗಸು. ಅದೇ ನಂಬರಿನ ಹಳೆಯ ಬೇರಿಂಗಿನ ಒಳತೂತನ್ನು ಉಜ್ಜುಕಾಗದದಿಂದ ಕೈಯಲ್ಲಿ ಜಾರುವಷ್ಟು ಸಡಿಲಿಸಿ, ಪರೀಕ್ಷೆಗಳನ್ನೆಲ್ಲ ಅದರಲ್ಲಿ ಮುಗಿಸಿದರು. ಹೊಸ ಬೇರಿಂಗು ಕೊನೆಗೆ ಒಂದೇ ಸಲ ಕೂತಿತು. ಐದು ಥೌ ಹೆಚ್ಚಿಸಿದಾಗ ಮಚ್ಚೆ ತುಸು ಬುಡದ ಕಡೆಗೆ ಇಳಿಯಿತು. ನಾಲ್ಕಕ್ಕೆ ಬಂದಾಗ ನಡುವೆ ನಿಂತಿತು. ನಾಲ್ಕು ಥೌ ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅಷ್ಟಕ್ಕಾಗಿ ಗಾಡಿ ಆ ರಾಗ ಹಾಡಿತ್ತು.

ಆಳ ನಿಂತ ಮೇಲೆ ಪಿನಿಯನ್ನಿನ ಬಿಗಿ. ಇದರ ಬೇರಿಂಗುಗಳು ಸೂಜಿಮೊನೆಯಂತೆ ಇಳಿಜಾರಾದ ರೋಲರುಳ್ಳವು. ಇವಕ್ಕೆ ಸಡಿಲ ಕೂಡದು, ಬದಲಾಗಿ ಸ್ವಲ್ಪ ಒತ್ತಡವೇ ಬೇಕು. ಒತ್ತಡ ಸಾಲದಿದ್ದರೆ ಭಾರ ಬಿದ್ದಾಗ ಪಿನಿಯನ್ನು ಹಿಂದಕ್ಕೆ ಜರುಗಿ, ಕಷ್ಟಪಟ್ಟು ಸಾಧಿಸಿದ ಆಳವೇ ತಪ್ಪುವುದು. ಹೆಚ್ಚಾದರೆ ಬೇರಿಂಗು ಬೆಂದುಹೋಗುವುದು. ಹೊಸ ಬೇರಿಂಗಿಗೆ ಎಷ್ಟೆಂಬುದನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡತಕ್ಕದ್ದು. ಹನ್ನೆರಡು ಪೌಂಡು ಅಂಗುಲ ಎಂದಿದ್ದರೆ ಸುಮಾರು ೧೪ ಕಿಲೋ ಸೆಂಟಿಮೀಟರು ಆಯಿತು. ಪಿನಿಯನ್ನಿನ ಫ್ಲಾಂಜಿಗೆ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ, ಒಂದೇ ಸಮನೆ ಎಳೆಯಿರಿ. ಫ್ಲಾಂಜಿನ ನಡುವಿನಿಂದ ದಾರಕ್ಕೆ ೫ ಸೆಂಟಿಮೀಟರಿದ್ದರೆ, ತಿರುಗುತ್ತಿರುವಾಗ ತಕ್ಕಡಿ ೨.೮ ಕಿಲೋ ತೋರಿಸಬೇಕು. ತಿರುಗಲು ಆರಂಭಿಸುವ ಕ್ಷಣದ ಅಂಕೆ ಲೆಕ್ಕಕ್ಕಿಲ್ಲ. ಆಯಿಲ್ ಸೀಲು ಹಾಕುವ ಮೊದಲೇ ಇದನ್ನು ನೋಡುವುದು ಮೇಲು, ಸೀಲಿನ ಹಿಡಿತವೂ ಸೇರಿಕೊಳ್ಳುವುದಷ್ಟೆ. ನಮ್ಮ ಮಾದರಿಯಲ್ಲಿ ಷಿಮ್ಮು ತೆಗೆದು ಹಾಕಿ ಈ ಬಿಗಿಯನ್ನು ಹೊಂದಿಸುವುದು. ಬೇರೆ ಕೆಲವು ಕಾರುಗಳಲ್ಲಿ ನಟ್ಟು ಬಿಗಿದಾಗ ಕುಗ್ಗುವ ಕೊಳವೆಯಿರುತ್ತದೆ. ಅಲ್ಲಿ ಬಿಗಿ ಹೆಚ್ಚಾಯಿತೆಂದು ನಟ್ಟನ್ನು ಹಿಂದಕ್ಕೆ ಸಡಿಲಿಸಿದರೆ ಪ್ರಯೋಜನವಿಲ್ಲ, ಹೊಸ ಕೊಳವೆಯನ್ನೇ ಹಾಕಬೇಕು.

ಕೊನೆಗೆ ಕ್ರೌನು. ಅದು ಕೂರುವ ಮುಖದಲ್ಲಿ ಒಂದು ಮರಳಿನ ಕಣವಿದ್ದರೂ ಚಕ್ರ ಓಲಾಡುವುದು. ಬೆನ್ನಿಗೆ ಗೇಜು ಹಿಡಿದು ಪೂರ್ತಿ ಸುತ್ತಿದಾಗ ಎರಡು ಥೌವಿಗಿಂತ ಹೆಚ್ಚು ಓಲಾಟ ಕಂಡರೆ ಬಿಚ್ಚಿ ಒರೆಸಿ ಮತ್ತೆ ಬಿಗಿಯಬೇಕು. ಪಿನಿಯನ್ನು ಒಳಗೆ ಹೋದುದರಿಂದ ನಮ್ಮ ಏಳು ಥೌ ಸಡಿಲ ಕಡಿಮೆಯಾಗಿತ್ತು. ಪಕ್ಕದ ಬೇರಿಂಗುಗಳ ಷಿಮ್ಮನ್ನು ಒಂದು ಕಡೆಯಿಂದ ತೆಗೆದು ಅಷ್ಟನ್ನೇ ಇನ್ನೊಂದು ಕಡೆಗೆ ಹಾಕಿ, ಒಟ್ಟು ದಪ್ಪ ಬದಲಾಗದಂತೆ, ಮತ್ತೆ ಏಳಕ್ಕೆ ತಂದೆವು. ಮತ್ತೆ ಬಣ್ಣ ಹಚ್ಚಿ ನೋಡಿದೆವು. ಹಲ್ಲಿನ ನಡುವೆ ಹಳದಿಯ ಮಧ್ಯದಲ್ಲಿ ಉಕ್ಕಿನ ಅಕ್ಕಿಕಾಳು ಮಿನುಗುತ್ತಿತ್ತು.

ಜೋಡಿಸಿದ ಮೇಲೂ ಸದ್ದು ಬಂದರೆ ಅದರ ಮೂಲವನ್ನು ಪತ್ತೆ ಮಾಡುವುದು ಹೇಗೆ? ಇಲ್ಲಿ ಸಂಗೀತ ಬಲ್ಲವರಿಗೆ ಒಂದು ಅನುಕೂಲವಿದೆ. ಗಾಡಿ ಗಂಟೆಗೆ ೩೬ ಕಿಲೋಮೀಟರು ವೇಗದಲ್ಲಿದ್ದರೆ ಸೆಕೆಂಡಿಗೆ ೧೦ ಮೀಟರು. ಎರಡು ಮೀಟರು ಸುತ್ತಳತೆಯ ಗಾಲಿ ಸೆಕೆಂಡಿಗೆ ಐದು ಸುತ್ತು. ಕ್ರೌನಿನ ೪೧ ಹಲ್ಲುಗಳು ಸೆಕೆಂಡಿಗೆ ೨೦೫ ಸಲ ಸಂಧಿಸುವುವು. ಇದು ಗಂಡಸರ ಕಂಠಕ್ಕೆ ಸಿಗುವ ಒಂದು ಸ್ವರ. ವೇಗ ೭೨ಕ್ಕೆ ಏರಿದರೆ ೪೧೦. ಮಧ್ಯಸ್ಥಾಯಿಯಿಂದ ತಾರಸ್ಥಾಯಿಗೆ ಹೋದಂತೆ. ಹೀಗೆ ಶುದ್ಧವಾದ ಸ್ವರದಂತೆ ಏರಿಳಿಯುವ ಕೀರಲು ಹಲ್ಲುಗಳದ್ದು. ಎಳೆಯುವಾಗ ಮಾತ್ರ ಬಂದರೆ ಉಬ್ಬು ಮಗ್ಗುಲಿನ ದೋಷ, ಕಾಲು ತೆಗೆದಾಗ ಮಾತ್ರ ಬಂದರೆ ತಗ್ಗು ಮಗ್ಗುಲಿನದು.

ಬೇರಿಂಗಿನ ಸದ್ದು ಸ್ವರವಲ್ಲ, ಬೀಸುಕಲ್ಲಿನ ಗೊರಗೊರ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಹೆಚ್ಚು ಬದಲಾಗದೆ ವೇಗವನ್ನು ಮಾತ್ರ ಅನುಸರಿಸುವುದು. ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದಾಗ ಸದ್ದು ಏರಿಳಿದರೆ ಗಾಲಿಯ ಬೇರಿಂಗನ್ನು ಸಂಶಯಿಸಬೇಕು, ಡಿಫರೆನ್ಷಿಯಲ್ ನಿರಪರಾಧಿ. ಗಾಲಿಯ ಒಂದೊಂದು ಸುತ್ತಿಗೆ ಒಂದೊಂದು ಟಕ್ ಎಂದರೆ ಕ್ರೌನಿನ ಹಲ್ಲು ಮುಕ್ಕಾಗಿದೆ; ಅದರ ನಾಲ್ಕೂವರೆ ಪಟ್ಟು ವೇಗದಲ್ಲಿ ಬಡಿದರೆ ಪಿನಿಯನ್ನಿನದು. ತಿರುವಿನಲ್ಲಿ ಮಾತ್ರ ಕೇಳಿಸಿದರೆ ಗೂಡಿನ ಒಳಗಿನ ಪುಟ್ಟ ಚಕ್ರಗಳು ಅಥವಾ ಅವುಗಳ ವಾಷರು. ಕ್ಲಚ್ಚು ಬಿಟ್ಟೊಡನೆ ಒಂದೇ ಸಲ ಢಕ್ ಎಂದರೆ ಬ್ಯಾಕ್‌ಲ್ಯಾಷ್ ಎಂದು ಆತುರಪಡಬಾರದು; ಪ್ರೊಪೆಲ್ಲರ್ ಷಾಫ್ಟಿನ ಕ್ರಾಸುಗಳನ್ನೂ ಸ್ಪ್ರಿಂಗಿನ ಯು ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಅಲುಗಿಸಿ ನೋಡಬೇಕು. ನಮ್ಮ ಬೀದಿಯವರೊಬ್ಬರು ಡಿಫರೆನ್ಷಿಯಲ್ ಕೆಟ್ಟಿತೆಂದು ಎಲ್ಲವನ್ನೂ ಬಿಚ್ಚಿಸಿದ ಮೇಲೆ ಟೈರು ಬದಲಿಸಿದೊಡನೆ ಸದ್ದು ಹೋದುದೂ ಉಂಟು.

ಗಾಲಿ ಎತ್ತಿ ಎಂಜಿನು ಓಡಿಸಿ ಸದ್ದು ಕೇಳುವವರಿಗೆ ಒಂದು ಎಚ್ಚರಿಕೆ. ಒಂದೇ ಗಾಲಿಯನ್ನು ಎತ್ತಿ ಗೇರು ಹಾಕಕೂಡದು. ಎತ್ತಿದ ಗಾಲಿ ಮೀಟರು ತೋರಿಸುವುದರ ಎರಡರಷ್ಟು ವೇಗದಲ್ಲಿ ಸುತ್ತುವುದು. ನೆಲದ ಮೇಲಿನದು ಹಿಡಿತ ಸಿಕ್ಕೊಡನೆ ಗಾಡಿಯನ್ನೇ ಸ್ಟ್ಯಾಂಡಿನಿಂದ ಹೊರಕ್ಕೆ ಹಾರಿಸುವುದು.

ಎಣ್ಣೆಯನ್ನು ಗಾಡಿ ಸಮನೆಲದಲ್ಲಿರುವಾಗ ಮಟ್ಟದ ತೂತಿನಿಂದ ಹೊರಸೂಸುವವರೆಗೆ ತುಂಬತಕ್ಕದ್ದು, ಅದಕ್ಕಿಂತ ಹೆಚ್ಚಲ್ಲ. ಅಚ್ಚಿನ ಮೇಲೆ ಉಸಿರಾಡಲು ಪುಟ್ಟ ತೂತೊಂದಿದೆ. ಕೆಸರು ಮೆತ್ತಿ ಅದು ಮುಚ್ಚಿದರೆ ಬಿಸಿಗಾಳಿ ಹೊರಹೋಗಲಾರದೆ ಎಣ್ಣೆಯನ್ನು ಸೀಲುಗಳಾಚೆಗೆ ತಳ್ಳುವುದು. ಆ ಎಣ್ಣೆ ಸೇರುವುದು ಬ್ರೇಕಿನ ಷೂಗಳಿಗೆ. ಘಾಟಿ ಇಳಿಯುವ ಗಾಡಿಗೆ ಇದು ಸದ್ದಿಗಿಂತ ದೊಡ್ಡ ಅಪಾಯ. ಸೀಲು ಸೋರುತ್ತಿದೆಯೆಂದು ಸೀಲನ್ನೇ ಬದಲಿಸುವ ಮೊದಲು ಒಂದು ತಂತಿಯಿಂದ ಆ ತೂತನ್ನು ಚುಚ್ಚಿ ನೋಡಿ.

ಹೊಸ ಹಲ್ಲುಗಳಿಗೆ ಮೊದಲ ದಿನಗಳಲ್ಲಿ ಉಪಚಾರ ಬೇಕು. ಹದಿನೈದು ಇಪ್ಪತ್ತು ನಿಮಿಷ ಹಗುರವಾಗಿ ಓಡಿಸಿ, ಪೂರ್ತಿ ಆರುವವರೆಗೆ ನಿಲ್ಲಿಸುವುದು; ಹೀಗೆ ಕೆಲವು ಸಲ. ಇದಕ್ಕೆ ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವಣ ದಾರಿ ಅಳೆದು ಮಾಡಿದಂತಿದೆ. ಒಂದು ಕಡೆಗೆ ಸುಮಾರು ಇಪ್ಪತ್ತು ಕಿಲೋಮೀಟರು. ಶಿವಮೊಗ್ಗ ಸೇರಿ ಕಾಫಿ ಕುಡಿದು, ತುಂಗೆಯ ದಡದಲ್ಲಿ ಒಂದು ಗಂಟೆ ಕೂತು, ಹಿಂದಿರುಗುವುದು. ಮೊದಲ ೮೦೦ ಕಿಲೋಮೀಟರುಗಳವರೆಗೆ ಮದುವೆ ದಿಬ್ಬಣವನ್ನೂ ಘಾಟಿಯನ್ನೂ ದೊಡ್ಡಪ್ಪನವರು ನಿಷೇಧಿಸಿದರು. ಎರಡು ಬಾಡಿಗೆಗಳು ಕೈತಪ್ಪಿದವೆಂದು ಮಗನಿಗೆ ಬೇಸರವೇ ಆಯಿತು. ಕೀರಲು ರಾಗ ನಿಂತಿದೆ. ಕಾಲು ತೆಗೆದಾಗ ೫೫ರ ಆಸುಪಾಸಿನಲ್ಲಿ ಒಂದು ಸಣ್ಣ ಗುಂಯ್‌ಗಾನ ಉಳಿದಿದೆ. ಅದಕ್ಕಾಗಿ ಮತ್ತೆ ಬಿಚ್ಚುವುದು ಬೇಡವೆಂದು ದೊಡ್ಡಪ್ಪನವರ ಅಭಿಪ್ರಾಯ. ಎಳೆಯುವ ಮಗ್ಗುಲಿನ ಮಚ್ಚೆ ಚೆನ್ನಾಗಿರುವಾಗ ಇನ್ನೊಂದರ ಅಂದಕ್ಕಾಗಿ ಅದನ್ನು ಕೆಡಿಸುವುದು ಬುದ್ಧಿಯಲ್ಲವೆಂದು ನನಗೂ ತೋರುತ್ತದೆ.

೮೦೦ ಕಿಲೋಮೀಟರು ತುಂಬಿದ ದಿನ ಎಣ್ಣೆ ಇಳಿಸಿದೆವು. ಬಿಳಿಯ ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತವನ್ನು ಆಡಿಸಿ ನೋಡಿದಾಗ ಬೂದಿಯಂತಹ ನುಣ್ಣನೆಯ ಪುಡಿ ಮಾತ್ರ ಹತ್ತಿತು. ಉಗುರಿಗೆ ಸಿಕ್ಕುವ ಚೂರು ಒಂದೂ ಇರಲಿಲ್ಲ. ಹೊಸ ಎಣ್ಣೆ ತುಂಬಿದ ಮರುದಿನ ಗಾಡಿ ಒಂದು ಮದುವೆಗೆ ತೀರ್ಥಹಳ್ಳಿಗೆ ಹೋಯಿತು. ಅಲ್ಲಿ ಇಳಿದೊಡನೆ ಡಿಫರೆನ್ಷಿಯಲ್ಲಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಬೇಕೆಂದು ದೊಡ್ಡಪ್ಪನವರು ಮಗನಿಗೆ ಹೇಳಿ ಕಳಿಸಿದ್ದರು. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗಿನ ಬಿಗಿ ಹೆಚ್ಚಾಗಿದೆಯೆಂದು ತಿಳಿದು ಅಲ್ಲಿಯೇ ನಿಲ್ಲಿಸತಕ್ಕದ್ದು. ಬೆಚ್ಚಗಿತ್ತು ಎಂದು ಅವನು ಫೋನು ಮಾಡಿದನು.